ಗಾಲ್ಫ್ ಆಡಾಕ ಹೊಂಟೀರೇನು? ಹಿಂದಿನವರನ್ನ ನಿಲ್ಲಿಸಬ್ಯಾಡ್ರಿ

2022ರ ಆಗಸ್ಟ್‌ನಲ್ಲಿ ಬೆಳಗಾವಿಯ ಗಾಲ್ಫ್ ಮೈದಾನದಲ್ಲಿ ಚಿರತೆ ಅಡಗಿ ಕೂತಾಗ, ಆ ಊರಲ್ಲಿ ಗಾಲ್ಫ್ ಮೈದಾನ ಒಂದು ಇದೆ ಎಂಬುದೇ ನಮ್ಮ ಕಡೆಯ ಎಷ್ಟೋ ಮಂದಿಗೆ ಹೊಸ ಸುದ್ದಿಯಾಗಿತ್ತು. ಸುತ್ತಲಿನ ಶಾಲೆಗಳಿಗೆ ರಜೆ ಕೊಟ್ಟರು, ಸಕ್ರೆಬೈಲಿನಿಂದ ಆನೆ ತರಿಸಿದರು, ಟಿವಿಯವರು ದಿನವಿಡೀ ಅದೇ ಹುಲ್ಲು, ಅದೇ ಪೊದೆ ತೋರಿಸಿದರು. ಚಿರತೆ ಕೊನೆಗೂ ಬೋನಿಗೆ ಬೀಳಲಿಲ್ಲ. ಅದಕ್ಕೂ ಒಂದು ವರ್ಷ ಮೊದಲು, ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಒಂದೇ ಹೊಡೆತದಲ್ಲಿ ಕಂಚಿನ ಪದಕ ಕಳೆದುಕೊಂಡು 4ನೇ ಸ್ಥಾನಕ್ಕೆ ನಿಂತಾಗ, ಗಾಲ್ಫ್‌ನ ಒಂದು ನಿಯಮವೂ ಗೊತ್ತಿಲ್ಲದ ನಾವೆಲ್ಲ ಬೆಳಬೆಳಗ್ಗೆ ಟಿವಿ ಮುಂದೆ ಕೂತು ಹಳಹಳಿಸಿದ್ದೆವು.

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ತಾಲೂಕುಗಳ ಹಳ್ಳಿಗಳಿಗೂ ಈ ಆಟಕ್ಕೂ ಅಷ್ಟೇ ನಂಟು. ಎರೆಹೊಲದಲ್ಲಿ ಇದನ್ನು ಆಡುವಂತೆಯೂ ಇಲ್ಲ. ಬ್ಯಾಸಿಗೆಯಲ್ಲಿ ಚೆಂಡು ಬಿರುಕಿನೊಳಗೆ ಇಳಿದರೆ ಗುದ್ದಲಿ ತರಬೇಕು, ಮಳೆಗಾಲದಲ್ಲಿ ಚೆಂಡಿಗಿಂತ ಮೊದಲು ಚಪ್ಪಲಿ ಹುಡುಕಬೇಕು. ಮಹದಾಯಿ ನೀರಿಗಾಗಿ ವರ್ಷಗಟ್ಟಲೆ ಧರಣಿ ಕೂತ ರೈತರ ಊರಿನವರ ಮುಂದೆ, ಹುಲ್ಲಿಗೆ ನೀರುಣಿಸಿ ಆಡುವ ಆಟದ ಮಾತು ತೆಗೆಯುವುದು ಮುಜುಗರದ ಕೆಲಸವೇ. ಕೆಲವು ಮೈದಾನಗಳು ಸಂಸ್ಕರಿಸಿದ ಕೊಳಚೆ ನೀರನ್ನೇ ಹಾಯಿಸುತ್ತವೆ ಎಂಬುದು ಸ್ವಲ್ಪ ಸಮಾಧಾನ, ಪೂರಾ ಸಮಾಧಾನವಲ್ಲ.

ಆದರೂ ಇದನ್ನು ಬರೆಯುವುದಕ್ಕೆ ಕಾರಣವಿದೆ. ನಮ್ಮ ಹುಡುಗ ಹುಡುಗಿಯರು ಬೆಂಗಳೂರು, ಪುಣೆ ಸೇರಿದ್ದಾರೆ. ಕಂಪನಿಯ ಸಾಹೇಬರು ಒಂದು ಶನಿವಾರ "ಗಾಲ್ಫ್‌ಗೆ ಬಾ" ಅಂದುಬಿಡುತ್ತಾರೆ. ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋದ ಅಪ್ಪ ಅವ್ವನನ್ನು ಅಳಿಯ ಊರ ಮೈದಾನಕ್ಕೆ ಕರೆದೊಯ್ಯುತ್ತಾನೆ. ಹೋಗುವವರಿಗೆ ಇರುವ ಹೆದರಿಕೆ ಒಂದೇ: "ನನಗ ಆಡಾಕ ಬರೂದಿಲ್ಲಲ್ಲ, ಮಂದಿ ನಗತಾರೇನೋ." ಯಾರೂ ನಗುವುದಿಲ್ಲ. ಗಾಲ್ಫ್ ಮೈದಾನದಲ್ಲಿ ಕೆಟ್ಟದಾಗಿ ಆಡುವವನ ಮೇಲೆ ಯಾರಿಗೂ ಸಿಟ್ಟಿಲ್ಲ. ಹೆಚ್ಚಿನವರು ಆಡುವುದೇ ಹಾಗೆ. ಸಿಟ್ಟು ಬರುವುದು ತಡ ಮಾಡುವವನ ಮೇಲೆ.

ತಡ ಎಲ್ಲಿ ಹುಟ್ಟುತ್ತದೆ

ಪೂರ್ಣ ಮೈದಾನದಲ್ಲಿ 18 ಹೋಲ್. ಪ್ರತಿ ಹೋಲ್ ಮೊದಲ ಹೊಡೆತದ ಜಾಗವಾದ ಟೀಯಿಂದ ಶುರುವಾಗಿ, ಫೇರ್‌ವೇ ಎಂಬ ಕತ್ತರಿಸಿದ ಹುಲ್ಲಿನ ಉದ್ದ ಪಟ್ಟಿ ದಾಟಿ, ಗ್ರೀನ್ ಎಂಬ ನುಣುಪು ಹುಲ್ಲಿನ ಮೇಲಿನ ಕುಳಿಯಲ್ಲಿ ಮುಗಿಯುತ್ತದೆ. ಸಾಮಾನ್ಯವಾಗಿ ನಾಲ್ಕು ಜನರ ಒಂದು ತಂಡ. ಒಂದು ತಂಡ ಹೊರಟು ಎಂಟು ಹತ್ತು ನಿಮಿಷಕ್ಕೆ ಇನ್ನೊಂದು. ನಾಲ್ವರು ನಡೆದು ಆಡಿದರೆ ನಾಲ್ಕು, ನಾಲ್ಕೂವರೆ ತಾಸಿನಲ್ಲಿ ಮುಗಿಯಬೇಕು. ಎರಡೂ ಬದಿ ಬೆಳೆ ನಿಂತ ಹೊಲದ ದಾರಿಯಲ್ಲಿ ಮುಂದಿನ ಚಕ್ಕಡಿ ನಿಂತರೆ ಹಿಂದಿನ ಚಕ್ಕಡಿಗಳೆಲ್ಲ ನಿಲ್ಲುವ ಹಾಗೆ, ಇಲ್ಲೂ ಒಂದು ತಂಡ ಎಳೆದಾಡಿದರೆ ಬೆಳಗಿನ ಆರಕ್ಕೆ ಎದ್ದು ಬಂದ ಹಿಂದಿನ ಹತ್ತು ತಂಡಗಳ ದಿನ ಕೆಡುತ್ತದೆ.

ಸಣ್ಣ ಲೆಕ್ಕ ಹಾಕಿ ನೋಡಿ. ಹೊಸಬರು 18 ಹೋಲ್ ಮುಗಿಸಲು ನೂರು ಹೊಡೆತ ಸುಲಭವಾಗಿ ತಗೊಳ್ಳುತ್ತಾರೆ. ನಾಲ್ವರಿಗೆ 400 ಹೊಡೆತ. ಒಬ್ಬೊಬ್ಬರೂ ಪ್ರತಿ ಹೊಡೆತಕ್ಕೆ ಬರೀ 15 ಸೆಕೆಂಡ್ ಹೆಚ್ಚು ತೆಗೆದುಕೊಂಡರೂ 6,000 ಸೆಕೆಂಡ್, ಅಂದರೆ 1 ತಾಸು 40 ನಿಮಿಷ. ಬಿರಬಿರನೆ ನಡೆದರೆ ಇದು ಸರಿಹೋಗುವುದಿಲ್ಲ. ಅವಸರದಲ್ಲಿ ಕೋಲು ಬೀಸಿದರೂ ಸರಿಹೋಗುವುದಿಲ್ಲ; ಚೆಂಡು ಗಿಡಗಂಟಿಗೆ ಹೋಗಿ ಇನ್ನಷ್ಟು ತಡವಾಗುತ್ತದೆ. ತಡ ಹುಟ್ಟುವುದು ಹೊಡೆತದಲ್ಲಲ್ಲ, ಹೊಡೆತಕ್ಕೆ ಮುಂಚಿನ ಸಿದ್ಧತೆಯಲ್ಲಿ. ತನ್ನ ಸರದಿ ಬಂದ ಮೇಲೆ ಕೈಗವಸು ಹುಡುಕುವವನು, ಬ್ಯಾಗಿನ ಹತ್ತಿರ ಹೋಗಿ ಯಾವ ಕೋಲು ಎಂದು ಯೋಚಿಸುವವನು, ನಾಲ್ಕು ಸಲ ಗಾಳಿಯಲ್ಲಿ ಬೀಸಿ ನೋಡುವವನು ಆ 15 ಸೆಕೆಂಡ್ ತಿನ್ನುತ್ತಾನೆ.

ಬೇರೆಯವರು ಹೊಡೆಯುವಾಗಲೇ ನಿಮ್ಮ ಚೆಂಡಿನ ಹತ್ತಿರ ಹೋಗಿ ನಿಂತಿರಿ. ಹೊಡೆಯುವವರ ಮುಂದೆ ಮಾತ್ರ ಹಾಯಬೇಡಿ, ಪಕ್ಕದಿಂದ ಹೋಗಿ. ದೂರ ನೋಡಿಕೊಳ್ಳಿ, ಕೋಲು ಆರಿಸಿಕೊಳ್ಳಿ, ಕೈಗವಸು ಹಾಕಿಕೊಳ್ಳಿ. ಸರದಿ ಬಂದಾಗ ಒಂದು ಸಲ ಬೀಸಿ ನೋಡಿ, ಹೊಡೆಯಿರಿ. ಗಾಲ್ಫ್ ನಿಯಮಗಳೇ ಒಂದು ಹೊಡೆತಕ್ಕೆ 40 ಸೆಕೆಂಡ್ ಮೀರದಿರಲಿ ಎನ್ನುತ್ತವೆ. ಅದು ಹೊರಮಿತಿ, ಮಾಮೂಲಿಗೆ ಅದರ ಅರ್ಧ ಸಾಕು.

ಹಿಂದೆ ಕುಳಿಯಿಂದ ಯಾರ ಚೆಂಡು ದೂರವೋ ಅವರೇ ಮೊದಲು ಹೊಡೆಯಬೇಕು ಎಂದು ಹಟ ಹಿಡಿಯುತ್ತಿದ್ದರು. 2019ರಲ್ಲಿ ನಿಯಮಾವಳಿ ಪೂರಾ ತಿದ್ದಿದಾಗ, ಯಾರು ಸಿದ್ಧರಿದ್ದಾರೋ ಅವರು ಹೊಡೆಯಲಿ, ಅಪಾಯವಾಗದಿದ್ದರೆ ಸಾಕು ಎಂದು ಬಾಯಿಬಿಟ್ಟು ಹೇಳಿದರು. ನಿಮ್ಮ ತಂಡದಲ್ಲಿ ಹಿರಿಯರಿದ್ದರೆ ಮೊದಲ ಟೀಯಲ್ಲೇ "ಸರ್, ಯಾರು ರೆಡಿನೋ ಅವರು ಹೊಡೆಯೋಣ್ರಿ?" ಎಂದು ಕೇಳಿಬಿಡಿ. ಅವರಿಗೂ ಅದೇ ಬೇಕಾಗಿರುತ್ತದೆ. ಇಬ್ಬರು ಎದುರಾಳಿಗಳು ಹೋಲ್ ಲೆಕ್ಕದಲ್ಲಿ ಪಂದ್ಯ ಕಟ್ಟಿ ಆಡುವಾಗ ಮಾತ್ರ ಸರದಿಗೆ ಬೆಲೆ ಇದೆ. ಸರದಿ ತಪ್ಪಿ ಹೊಡೆದರೆ ಎದುರಿನವನು ಆ ಹೊಡೆತವನ್ನೇ ರದ್ದು ಮಾಡಿಸಬಹುದು.

ಕಳೆದ ಚೆಂಡು, ಎತ್ತಿಕೊಂಡ ಚೆಂಡು

ತಡವಾಗುವ ಇನ್ನೊಂದು ದೊಡ್ಡ ಕಾರಣ ಚೆಂಡು ಹುಡುಕುವುದು. ಹೊಸ ಚೆಂಡು ತುಟ್ಟಿ. ಹೊಲದಲ್ಲಿ ಬಿದ್ದ ಒಂದೊಂದು ಕಾಳನ್ನೂ ಆರಿಸಿ ಬೆಳೆದ ಮಂದಿ ನಾವು, ಕಣ್ಣೆದುರು ಪೊದೆಗೆ ಹೋದ ಚೆಂಡನ್ನು ಬಿಟ್ಟು ನಡೆಯಲು ಮನಸ್ಸು ಬರುವುದಿಲ್ಲ. ಆದರೆ ನಿಯಮ ಕೊಡುವುದು 3 ನಿಮಿಷ ಮಾತ್ರ. ಮೊದಲು 5 ಇತ್ತು, 2019ರಿಂದ 3. ಹುಡುಕಲು ಶುರು ಮಾಡಿದ 3 ನಿಮಿಷದಲ್ಲಿ ಸಿಗದಿದ್ದರೆ ಅದು ಕಳೆದಂತೆ. ದಂಡದ ಒಂದು ಹೊಡೆತ ಸೇರಿಸಿಕೊಂಡು, ಮೊದಲು ಎಲ್ಲಿಂದ ಹೊಡೆದಿರೋ ಅಲ್ಲಿಂದಲೇ ಮತ್ತೆ ಹೊಡೆಯಬೇಕು.

ಇನ್ನೂರು ಗಜ ನಡೆದು ಬಂದು, ಹುಡುಕಿ, ಸಿಗದೆ, ಮತ್ತೆ ಇನ್ನೂರು ಗಜ ಹಿಂದೆ ಹೋಗುವುದು ಹಿಂದಿನ ತಂಡದ ತಾಳ್ಮೆ ಪರೀಕ್ಷೆ. ಅದಕ್ಕೇ ಪ್ರಾವಿಷನಲ್ ಚೆಂಡು ಎಂಬ ಉಪಾಯವಿದೆ. ಹೊಡೆದ ಚೆಂಡು ಸಿಗುವುದು ಅನುಮಾನ ಅನ್ನಿಸಿದ ಕೂಡಲೇ "ಪ್ರಾವಿಷನಲ್ ಹೊಡೀತೀನಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಅಲ್ಲಿಂದಲೇ ಇನ್ನೊಂದು ಚೆಂಡು ಹೊಡೆದಿಡಿ. ಮೊದಲನೆಯದು ಸಿಕ್ಕರೆ ಎರಡನೆಯದನ್ನು ಎತ್ತಿಕೊಳ್ಳಿ, ಸಿಗದಿದ್ದರೆ ಎರಡನೆಯದರಲ್ಲೇ ಮುಂದುವರಿಯಿರಿ. ಆ ಮಾತು ಬಾಯಿಬಿಟ್ಟು ಹೇಳಲೇಬೇಕು. ಹೇಳದೆ ಹೊಡೆದರೆ ಎರಡನೆಯ ಚೆಂಡೇ ನಿಮ್ಮ ಚೆಂಡಾಗುತ್ತದೆ, ಮೊದಲನೆಯದು ಫೇರ್‌ವೇ ನಡುವೆ ಹೊಳೆಯುತ್ತ ಕಂಡರೂ ಉಪಯೋಗವಿಲ್ಲ. ಪ್ರತಿ ಚೆಂಡಿನ ಮೇಲೂ ಪೆನ್ನಿನಿಂದ ಗುರುತು ಹಾಕಿಟ್ಟುಕೊಳ್ಳಿ. ಹೊಸಬರು ಮೈದಾನದ ಅಂಗಡಿಯಲ್ಲಿ ಸಿಗುವ ಹಳೆಯ, ಬಳಸಿದ ಚೆಂಡುಗಳನ್ನೇ ಕೊಂಡರೆ ಜೇಬಿಗೂ ಮನಸ್ಸಿಗೂ ಹಗುರ.

ಮೇಲಿಂದ ಮೇಲೆ ಹೊಡೆದರೂ ಚೆಂಡು ಕುಳಿಗೆ ಹೋಗುತ್ತಿಲ್ಲವೇ? ಎತ್ತಿಕೊಳ್ಳಿ. ಇದನ್ನು ನಮ್ಮ ಹುಡುಗರು ಸೋಲು ಎಂದುಕೊಳ್ಳುತ್ತಾರೆ, ಸೋಲಲ್ಲ. ನಿಯಮಾವಳಿಯಲ್ಲೇ, ಒಂದು ಹೋಲ್‌ಗೆ ಇಂತಿಷ್ಟು ಹೊಡೆತ ಆದ ಮೇಲೆ ನಿಲ್ಲಿಸಿ ಆ ಗರಿಷ್ಠ ಹೊಡೆತಗಳನ್ನೇ ಬರೆದುಕೊಳ್ಳುವ ಆಟದ ಪ್ರಕಾರವಿದೆ. ಪ್ರತಿ ಹೋಲ್‌ಗೆ ಅಂಕ ಕೊಡುವ ಸ್ಟೇಬಲ್‌ಫೋರ್ಡ್ ಎಂಬ ಪದ್ಧತಿಯಲ್ಲಂತೂ ಅಂಕ ಸಿಗುವ ಸಾಧ್ಯತೆ ಮುಗಿದ ಕೂಡಲೇ ಎತ್ತುವುದೇ ಮರ್ಯಾದೆ. ಗೆಳೆಯರ ಆಟದಲ್ಲಿ ಪಾರ್‌ನ (ಆ ಹೋಲ್‌ಗೆ ನಿಗದಿಯಾದ ಹೊಡೆತಗಳ) ಎರಡು ಪಟ್ಟು ಎಂದು ಮಾತಾಡಿಕೊಳ್ಳಿ: ಪಾರ್ 4ರ ಹೋಲ್‌ನಲ್ಲಿ 8 ಆಯಿತೋ, ಚೆಂಡು ಜೇಬಿಗೆ.

ಮುಂದಿನ ತಂಡ ಎಲ್ಲಿದೆ ಎಂದು ಆಗಾಗ ನೋಡುತ್ತಿರಿ. ಹಿಂದಿನವರು ಕಾಣುತ್ತಿಲ್ಲ, ಆದ್ದರಿಂದ ನಾವು ತಡವಿಲ್ಲ ಎಂಬುದು ತಪ್ಪು ಲೆಕ್ಕ; ಮುಂದಿನವರನ್ನು ಹಿಡಿದುಕೊಂಡು ಹೋಗುವುದು ನಿಮ್ಮ ಕೆಲಸ. ಮುಂದೆ ಒಂದು ಹೋಲ್ ಪೂರ್ತಿ ಖಾಲಿ ಬಿದ್ದು ಹಿಂದಿನವರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರೆ, ಬದಿಗೆ ಸರಿದು ಕೈ ಬೀಸಿ ಅವರನ್ನು ಮುಂದೆ ಬಿಟ್ಟುಬಿಡಿ. ಚೆಂಡು ಹುಡುಕಲು ಇಳಿಯುವಾಗಲೇ ಬಿಟ್ಟರೆ ಇನ್ನೂ ಒಳ್ಳೆಯದು. ಅವರು ಎರಡನೆಯ ಹೊಡೆತ ಹೊಡೆದು ದೂರ ಹೋಗುವ ತನಕ ನೀವು ಹೊಡೆಯಬಾರದು. ಆಟದ ವೇಗ ನೋಡಿಕೊಳ್ಳುವ ಮಾರ್ಷಲ್ ಬಂದು "ಗ್ಯಾಪ್ ಆಗಿದೆ" ಎಂದರೆ ವಾದ ಮಾಡಬೇಡಿ, ಒಂದು ಹೋಲ್ ಬಿಟ್ಟು ಮುಂದಕ್ಕೆ ಹೋದರೂ ನಷ್ಟವಿಲ್ಲ.

ದೊಡ್ಡವರೂ ತಡ ಮಾಡುತ್ತಾರೆ

ಟಿವಿಯಲ್ಲಿ ದೊಡ್ಡ ಆಟಗಾರರನ್ನು ನೋಡಿ ಕಲಿಯಲು ಹೋಗಬೇಡಿ, ಅವರೂ ತಡ ಮಾಡುತ್ತಾರೆ. 2019ರಲ್ಲಿ ಅಮೆರಿಕದ ಬ್ರೈಸನ್ ಡಿಶಾಂಬೊ ಎಂಟು ಅಡಿಯ ಒಂದು ಪಟ್‌ಗೆ (ಗ್ರೀನ್ ಮೇಲೆ ಚೆಂಡನ್ನು ಕುಳಿಗೆ ಉರುಳಿಸುವ ಹೊಡೆತ) ಎರಡು ನಿಮಿಷಕ್ಕೂ ಹೆಚ್ಚು ತೆಗೆದುಕೊಂಡ ವಿಡಿಯೊ ಲೋಕವೆಲ್ಲ ಸುತ್ತಿತು. ಅವರಿಗೆ ದಂಡದ ಹೊಡೆತ ಬೀಳಲಿಲ್ಲ. 2013ರ ಮಾಸ್ಟರ್ಸ್ ಪಂದ್ಯಾವಳಿಯಲ್ಲಿ ಮಾತ್ರ ಚೀನಾದ 14 ವರ್ಷದ ಹುಡುಗ ಗುವಾನ್ ಟಿಯಾನ್‌ಲಾಂಗ್‌ಗೆ ನಿಧಾನಕ್ಕಾಗಿ ಒಂದು ಹೊಡೆತದ ದಂಡ ಹಾಕಿದರು. ಗದ್ದಲ ಮಾಡದೆ ಒಪ್ಪಿಕೊಂಡ ಆ ಪೋರ, ದಂಡದ ನಂತರವೂ ಕೊನೆಯ ಎರಡು ದಿನಗಳ ಆಟಕ್ಕೆ ಅರ್ಹನಾದ. ದೊಡ್ಡವರನ್ನು ಬಿಟ್ಟು ಮಗುವನ್ನು ಹಿಡಿದರು ಎಂದು ಅನೇಕರು ಬೈದರು. ನನಗೂ ಹಾಗೇ ಅನ್ನಿಸುತ್ತದೆ. 2023ರ ಎವಿಯಾನ್ ಚಾಂಪಿಯನ್‌ಶಿಪ್‌ನಲ್ಲಿ ಸ್ಪೇನಿನ ಕಾರ್ಲೋಟಾ ಸಿಗಾಂಡಾ, ನಿಧಾನಕ್ಕೆ ಬಿದ್ದ 2 ಹೊಡೆತದ ದಂಡವನ್ನು ಅಂಕದ ಕಾರ್ಡಿನಲ್ಲಿ ಸೇರಿಸದೆ ಸಹಿ ಮಾಡಿ ಸ್ಪರ್ಧೆಯಿಂದಲೇ ಹೊರಬಿದ್ದರು. 2025ರಿಂದ ಮಹಿಳೆಯರ ವೃತ್ತಿಪರ ಗಾಲ್ಫ್ ಸಂಸ್ಥೆ ಎಲ್‌ಪಿಜಿಎ ಇನ್ನೂ ಬಿಗಿ ಮಾಡಿದೆ: ಗಡಿಯಾರ ಹಿಡಿದಾಗ ಕೊಟ್ಟ ಸಮಯವನ್ನು 5 ಸೆಕೆಂಡ್‌ವರೆಗೆ ಮೀರಿದರೆ ಹಣದ ದಂಡ, 6ರಿಂದ 15 ಸೆಕೆಂಡ್ ಮೀರಿದರೆ ಒಂದು ಹೊಡೆತ, ಅದಕ್ಕೂ ಮೇಲೆ ಎರಡು.

ಸುಮ್ಮನಿರುವುದು, ಮುಚ್ಚುವುದು, ಗೀರುವುದು

ನಮ್ಮ ಕಡೆ ಕಬಡ್ಡಿ ಇರಲಿ, ಕುಸ್ತಿ ಇರಲಿ, ಕೂಗಿದಷ್ಟೂ ಆಟಗಾರನಿಗೆ ಹುರುಪು. ಹಲಗಿ ಬಾರಿಸದಿದ್ದರೆ ಕುಸ್ತಿಗೆ ಕಳೆಯೇ ಇಲ್ಲ. ಗಾಲ್ಫ್‌ನಲ್ಲಿ ಇದು ಪೂರಾ ಉಲ್ಟಾ. ಒಬ್ಬರು ಚೆಂಡಿನ ಮುಂದೆ ನಿಂತ ಮೇಲೆ ಮಾತಿಲ್ಲ, ಚಲನೆಯಿಲ್ಲ, ಮೊಬೈಲ್ ರಿಂಗಂತೂ ಬೇಡವೇ ಬೇಡ. ಅವರ ಬೆನ್ನ ಹಿಂದೆ, ಚೆಂಡು ಹೋಗುವ ಗೆರೆಗೆ ನೇರವಾಗಿ ನಿಲ್ಲಬೇಡಿ. ಅವರಿಗೆ ಕಾಣುವಂತೆ, ಕೋಲು ಬೀಸಿದರೆ ತಾಗದಷ್ಟು ದೂರದಲ್ಲಿ ನಿಲ್ಲಿ. ಬೆಳಗಿನ, ಸಂಜೆಯ ಬಿಸಿಲಲ್ಲಿ ನಿಮ್ಮ ನೆರಳು ಎಲ್ಲಿ ಬಿದ್ದಿದೆ ನೋಡಿಕೊಳ್ಳಿ. ಕೇಳದೆ ಬುದ್ಧಿ ಹೇಳಬೇಡಿ. ಸ್ಪರ್ಧೆಯಲ್ಲಾದರೆ, ಯಾವ ಕೋಲಿನಿಂದ ಹೊಡೆಯಬೇಕೆಂದು ಇನ್ನೊಬ್ಬ ಆಟಗಾರನಿಗೆ ಹೇಳಿಕೊಟ್ಟವನಿಗೇ ದಂಡ.

ಜೋರಾಗಿ ಕೂಗಲೇಬೇಕಾದ ಸಂದರ್ಭ ಒಂದಿದೆ. ನೀವು ಹೊಡೆದ ಚೆಂಡು ಯಾರ ಕಡೆಗಾದರೂ ಹೊರಟರೆ ಎದೆ ಬಿರಿಯುವಂತೆ "ಫೋರ್!" ಎಂದು ಕೂಗಿ. ಸಂಕೋಚ ಬೇಡ, ಕೂಗದಿರುವುದೇ ಅಪರಾಧ. ಆ ಕೂಗು ನಿಮಗೆ ಕೇಳಿಸಿದರೆ ಯಾರು, ಎಲ್ಲಿ ಎಂದು ಕತ್ತೆತ್ತಿ ನೋಡಬೇಡಿ. ಬೆನ್ನು ತಿರುಗಿಸಿ, ಬಗ್ಗಿ, ಎರಡೂ ಕೈಯಿಂದ ತಲೆ ಮುಚ್ಚಿಕೊಳ್ಳಿ. ಚೆಂಡು ಕಲ್ಲಿನಷ್ಟೇ ಗಟ್ಟಿ. ಗುಡುಗು ಕೇಳಿದರೆ ಆಟ ಬಿಟ್ಟು ಕಟ್ಟಡ ಸೇರಿಕೊಳ್ಳಿ; ಅಡ್ಡಮಳೆಯಲ್ಲಿ ಗಿಡದ ಕೆಳಗೆ ನಿಂತವರಿಗೆ ಏನಾಗುತ್ತದೆ ಎಂಬುದು ನಮ್ಮ ಹಳ್ಳಿಗಳಿಗೆ ಹೇಳಿಕೊಡಬೇಕಿಲ್ಲ, ಕೈಯಲ್ಲಿ ಕಬ್ಬಿಣದ ಕೋಲು ಬೇರೆ.

ಇನ್ನು ಹುಲ್ಲಿನ ಆರೈಕೆ. ಮಣ್ಣು ಬಲ್ಲ ನಮ್ಮವರಿಗೆ ಇದು ಪೇಟೆಯವರಿಗಿಂತ ಲಗೂ ಕೈಗೆ ಹತ್ತುತ್ತದೆ. ಗ್ರೀನ್ ಮೇಲಿನ ಹುಲ್ಲು 3–4 ಮಿಲಿಮೀಟರ್ ಎತ್ತರ ಅಷ್ಟೇ. ಎತ್ತರದಿಂದ ಬಂದ ಚೆಂಡು ಅಲ್ಲಿ ಬಿದ್ದಾಗ ಸಣ್ಣ ಗುಣಿ ಬೀಳುತ್ತದೆ, ಮುಂದಿನ ಅಂಚಿನಲ್ಲಿ ಮಣ್ಣು ಹುಲ್ಲು ಎರಡೂ ಸುಕ್ಕಾಗಿ ಮೇಲೆದ್ದಿರುತ್ತವೆ. ಗ್ರೀನ್ ತಲುಪಿದ ಕೂಡಲೇ ಆ ಗುಣಿ ಹುಡುಕಿ. ಎರಡು ಹಲ್ಲಿನ ಸಣ್ಣ ಚಮಚದಂಥ ಸಲಕರಣೆ ಜೇಬಿನಲ್ಲಿರಲಿ, ಇಲ್ಲದಿದ್ದರೆ ಚೆಂಡು ಕೂರಿಸುವ ಮರದ ಟೀ ಸಾಕು. ಗುಣಿಯ ನಡುವೆ ಚುಚ್ಚಬೇಡಿ. ಅಂಚಿನ ಹೊರಗೆ ಓರೆಯಾಗಿ ಚುಚ್ಚಿ ಹುಲ್ಲನ್ನು ಗುಣಿಯ ನಡುವಿನ ಕಡೆಗೆ ತಳ್ಳಿ. ಹೀಗೆ ಸುತ್ತ ನಾಲ್ಕೈದು ಕಡೆ. ಅಡಿಯಿಂದ ಮೀಟಿ ಎಬ್ಬಿಸುವುದು ಎಲ್ಲರೂ ಮಾಡುವ ತಪ್ಪು. ಮೀಟಿದರೆ ಬೇರು ಹರಿದು ಆ ಜಾಗ ಒಣಗುತ್ತದೆ. ಸುತ್ತಲಿಂದ ಹುಲ್ಲು ಕೂಡಿಸಿದ ಮೇಲೆ ಪಟರ್‌ನ (ಗ್ರೀನ್ ಮೇಲೆ ಬಳಸುವ ಕೋಲಿನ) ತಳದಿಂದ ಮೆಲ್ಲಗೆ ತಟ್ಟಿ ಸಮ ಮಾಡಿ. ಕೂಡಲೇ ಮಾಡಿದರೆ ಹುಲ್ಲು ಬೇಗ ಕೂಡಿಕೊಳ್ಳುತ್ತದೆ, ಬಿಟ್ಟರೆ ಬೋಳು ಮಚ್ಚೆ ವಾರಗಟ್ಟಲೆ ಉಳಿಯುತ್ತದೆ. ನಿಮ್ಮದರ ಜೊತೆ ಇನ್ನೊಬ್ಬರು ಬಿಟ್ಟುಹೋದ ಒಂದನ್ನೂ ಮುಚ್ಚಿ.

ಫೇರ್‌ವೇಯಲ್ಲಿ ಕೋಲಿನ ಹೊಡೆತಕ್ಕೆ ಹುಲ್ಲಿನ ಹೆಂಟೆ ಹಾರಿ ಹೋದರೆ ಆ ಗುಂಡಿಗೆ ಮರಳು ಸುರಿದು ಕಾಲಿನಿಂದ ಒತ್ತಿ. ನಮ್ಮಲ್ಲಿ ಬ್ಯಾಗ್ ಹೊರುವ ಕ್ಯಾಡಿಗಳ ಹತ್ತಿರ ಮರಳಿನ ಚೀಲ ಇರುತ್ತದೆ. ಬಂಕರ್ ಎಂಬ ಮರಳುಗುಂಡಿಗೆ ದಂಡೆ ತಗ್ಗಾಗಿರುವ ಕಡೆಯಿಂದ ಇಳಿಯಿರಿ, ಹೊಡೆದು ಹೊರಬರುವಾಗ ಹೆಜ್ಜೆ ಗುರುತುಗಳನ್ನೆಲ್ಲ ಹಲುಬೆಯಿಂದ ಗೀರಿ ಸಮ ಮಾಡಿ. ನಿಮ್ಮ ಹೆಜ್ಜೆಗುಳಿಯಲ್ಲಿ ಮತ್ತೊಬ್ಬರ ಚೆಂಡು ಬೀಳುವುದು ತುಂಬ ಅನ್ಯಾಯದ ಸಂಗತಿ. ಗ್ರೀನ್ ಮೇಲೆ ಇತರರ ಚೆಂಡಿನಿಂದ ಕುಳಿಗೆ ಹೋಗುವ ಗೆರೆಯನ್ನು ತುಳಿಯಬೇಡಿ, ದಾಟಬೇಕಾದರೆ ದೊಡ್ಡ ಹೆಜ್ಜೆ ಇಡಿ. ಬಾವುಟದ ಕೋಲು ಕುಳಿಯಲ್ಲೇ ಇದ್ದಾಗ ಚೆಂಡು ಅದಕ್ಕೆ ತಾಗಿದರೂ 2019ರಿಂದ ದಂಡವಿಲ್ಲ, ಹಾಗಾಗಿ ತೆಗೆಯುವುದು ಇಡುವುದು ಎಂದು ಹೊತ್ತು ಕಳೆಯಬೇಡಿ. ಬ್ಯಾಗನ್ನು ಮುಂದಿನ ಟೀಗೆ ಹೋಗುವ ಬದಿಯಲ್ಲೇ ಇಟ್ಟಿರಿ. ಅಂಕ ಬರೆಯುವುದು ಗ್ರೀನ್ ಮೇಲಲ್ಲ, ಮುಂದಿನ ಟೀಯಲ್ಲಿ.

ಹೋಗುವ ಮುನ್ನ

ಬೆಂಗಳೂರು ಗಾಲ್ಫ್ ಕ್ಲಬ್ 1876ರದು. ದೊಮ್ಮಲೂರಿನ ಹತ್ತಿರ ಕರ್ನಾಟಕ ಗಾಲ್ಫ್ ಅಸೋಸಿಯೇಷನ್, ಮೈಸೂರಿನಲ್ಲಿ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್, ಕೊಡಗು ಚಿಕ್ಕಮಗಳೂರಿನಲ್ಲೂ ಮೈದಾನಗಳಿವೆ. ಬೆಳಗಾವಿಯದು ಸೈನ್ಯದ ಜಾಗ. ಹೆಚ್ಚಿನ ಕಡೆ ಸದಸ್ಯರ ಜೊತೆ ಅತಿಥಿಯಾಗಿ ಹೋಗಬೇಕು, ಇಲ್ಲವೇ ಮೊದಲೇ ಸಮಯ ಗೊತ್ತು ಮಾಡಿಕೊಳ್ಳಬೇಕು. ಫೋನ್ ಮಾಡಿ ಶುಲ್ಕ, ಉಡುಪು ಎರಡನ್ನೂ ಕೇಳಿ. ಕಾಲರ್ ಇರುವ ಟೀ ಶರ್ಟ್, ಹತ್ತಿಯ ಪ್ಯಾಂಟ್, ಬೂಟು ಎಲ್ಲಿಯೂ ನಡೆಯುತ್ತದೆ. ಜೀನ್ಸ್, ಚಪ್ಪಲಿ ಅನೇಕ ಕಡೆ ನಡೆಯುವುದಿಲ್ಲ. ಟೀ ಸಮಯಕ್ಕೆ ಅರ್ಧ ತಾಸು ಮೊದಲು ತಲುಪಿ. ಪೂರ್ಣ ಮೈದಾನಕ್ಕೆ ಇಳಿಯುವ ಮುಂಚೆ ಡ್ರೈವಿಂಗ್ ರೇಂಜ್‌ನಲ್ಲಿ ಕೆಲವು ವಾರ ಚೆಂಡು ಹೊಡೆದು ಅಭ್ಯಾಸ ಮಾಡುವುದು ಜಾಣತನ. ಅದಿತಿಯ ಗಾಲ್ಫ್ ಶುರುವಾದದ್ದೂ ಬಾಲ್ಯದಲ್ಲಿ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಅಂಗಳದಲ್ಲೇ.

ಕ್ಯಾಡಿಯನ್ನು ಬರೀ ಬ್ಯಾಗ್ ಹೊರುವವರು ಎಂದು ತಿಳಿಯಬೇಡಿ. 2009ರ ಇಂಡಿಯನ್ ಓಪನ್ ಗೆದ್ದ ಬೆಂಗಳೂರಿನ ಸಿ. ಮುನಿಯಪ್ಪ ಕ್ಯಾಡಿಯಾಗಿದ್ದವರು. ವೃತ್ತಿಪರ ಆಟಗಾರ ಎಸ್. ಚಿಕ್ಕರಂಗಪ್ಪ ಬಿಡದಿ ಸಮೀಪದ ಈಗಲ್‌ಟನ್ ಮೈದಾನದ ಪಕ್ಕದ ಹಳ್ಳಿಯಿಂದ ಬಂದವರು. ಮೊದಲ ಟೀಯಲ್ಲೇ "ಅಣ್ಣಾ, ನಾ ಹೊಸಬ, ತಡ ಆದ್ರ ಹೇಳ್ರಿ" ಎಂದುಬಿಟ್ಟರೆ, ಎಲ್ಲಿ ಎತ್ತಿಕೊಳ್ಳಬೇಕು, ಯಾರಿಗೆ ದಾರಿ ಬಿಡಬೇಕು ಎಲ್ಲವನ್ನೂ ಅವರೇ ಸಂಭಾಳಿಸುತ್ತಾರೆ. ಕ್ಯಾಡಿಯ ಕೂಲಿ ಎಷ್ಟು ಎಂದು ಕೌಂಟರ್‌ನಲ್ಲಿ ಕೇಳಿ ಚಿಲ್ಲರೆ ಸಮೇತ ಇಟ್ಟುಕೊಳ್ಳಿ, ಮೇಲೊಂದಿಷ್ಟು ಖುಷಿಯಿಂದ ಕೊಡಿ.

ಪರದೇಶಕ್ಕೆ ಹೋದವರಿಗೆ ಎರಡು ಮಾತು. ಅಮೆರಿಕದಲ್ಲಿ ನಗರಸಭೆಗಳೇ ನಡೆಸುವ ಮೈದಾನಗಳಿವೆ, ಯಾರು ಬೇಕಾದರೂ ದುಡ್ಡು ಕಟ್ಟಿ ಆಡಬಹುದು. ಇಬ್ಬರೇ ಹೋದರೆ ತಂಡಗಳನ್ನು ಹೊರಡಿಸುವ ಸ್ಟಾರ್ಟರ್ ನಿಮ್ಮ ಜೊತೆ ಗೊತ್ತಿಲ್ಲದ ಇಬ್ಬರನ್ನು ಸೇರಿಸುತ್ತಾನೆ. ಹೆಸರು ಹೇಳಿ ಕೈ ಕುಲುಕಿ, ಹೊಸಬರೆಂದು ತಿಳಿಸಿಬಿಡಿ. ಅಲ್ಲಿ ಕ್ಯಾಡಿ ಸಿಗುವುದು ಅಪರೂಪ, ಬ್ಯಾಟರಿ ಗಾಡಿ ಸಾಮಾನ್ಯ. ಗಾಡಿಯಲ್ಲಿ ಇಬ್ಬರಿದ್ದರೆ ಒಬ್ಬರನ್ನು ಅವರ ಚೆಂಡಿನ ಹತ್ತಿರ ಎರಡು ಮೂರು ಕೋಲಿನ ಸಮೇತ ಇಳಿಸಿ ನಿಮ್ಮ ಚೆಂಡಿನ ಕಡೆ ಹೋಗಿ, ಒಬ್ಬರು ಹೊಡೆಯುವ ತನಕ ಇಬ್ಬರೂ ಕೂತು ಕಾಯಬೇಡಿ. ಗ್ರೀನ್ ಹತ್ತಿರ, ಬಂಕರ್ ದಂಡೆಗೆ ಗಾಡಿ ಒಯ್ಯುವಂತಿಲ್ಲ. ಮಳೆ ಬಂದ ಮರುದಿನ ಗಾಡಿ ದಾರಿ ಬಿಟ್ಟು ಇಳಿಯುವಂತಿಲ್ಲ ಎಂಬ ಬೋರ್ಡ್ ಹಾಕಿರುತ್ತಾರೆ. ಅಂಥ ದಿನ ಒಂದು ಕೋಲಿನ ಬದಲು ಮೂರು ಹಿಡಿದುಕೊಂಡು ಚೆಂಡಿನ ಹತ್ತಿರ ನಡೆಯಿರಿ, ಮತ್ತೆ ಗಾಡಿಗೆ ತಿರುಗಿ ಬರುವುದು ತಪ್ಪುತ್ತದೆ.